ನಾವು ಮತ ಹಾಕಿದ ಸರ್ಕಾರದ ಕೈಯಲ್ಲೂ ಕತ್ತರಿ ಇದೆ

ಮೂಲ ಬರಹ: ಮೈಸೂರಿನಿಂದ

ನಾನು ಉದಾರವಾದಿ. ಇದನ್ನು ಮುಚ್ಚುಮರೆಯಿಲ್ಲದೆ ಹೇಳಿಯೇ ಮುಂದುವರಿಯುತ್ತೇನೆ, ಏಕೆಂದರೆ ನನ್ನ ತಕರಾರು ಹೆಚ್ಚಾಗಿ ನನ್ನವರೊಂದಿಗೇ ಇದೆ. 2023ರ ಮೇ ತಿಂಗಳಲ್ಲಿ ರಾಜ್ಯದ ಸರ್ಕಾರ ಬದಲಾಗಲೆಂದು ಮತ ಹಾಕಿದವರಲ್ಲಿ ನಾನೂ ಒಬ್ಬ. ದೆಹಲಿಯ ಸರ್ಕಾರ ನನಗೆ ಒಪ್ಪಿಗೆಯಾದದ್ದಲ್ಲ. ಈಗ ಕೇಳುವುದು ಇಷ್ಟೇ: ನಗಿಸುವವನ, ಕತೆ ಹೇಳುವವನ, ಯೂಟ್ಯೂಬಿನಲ್ಲಿ ಕುಳಿತು ಅಧಿಕಾರಸ್ಥರನ್ನು ಗೇಲಿ ಮಾಡುವವನ ಸ್ವಾತಂತ್ರ್ಯಕ್ಕೆ ನಾವು ಕೊಡುವ ಬೆಲೆ, ಕತ್ತರಿ ಯಾರ ಕೈಯಲ್ಲಿದೆ ಎಂಬುದನ್ನು ನೋಡಿಕೊಂಡು ಏರಿಳಿಯಬೇಕೇ?

ಬೆಂಗಳೂರಿನಲ್ಲಿ ನಡೆದದ್ದನ್ನು ಮೊದಲು ನೋಡೋಣ. 2021ರ ನವೆಂಬರ್ 28ರ ಭಾನುವಾರ ಹಾಸ್ಯಗಾರ ಮುನವ್ವರ್ ಫಾರೂಕಿ ಅವರ ಕಾರ್ಯಕ್ರಮ ಗುಡ್ ಶೆಫರ್ಡ್ ಸಭಾಂಗಣದಲ್ಲಿ ನಡೆಯಬೇಕಿತ್ತು. ಆ ವರ್ಷದ ಮೊದಲ ದಿನವೇ ಇಂದೋರಿನಲ್ಲಿ ಬಂಧನಕ್ಕೊಳಗಾದ ಅವರು, ಫೆಬ್ರವರಿ 5ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಡುವವರೆಗೆ ಜೈಲಿನಲ್ಲಿದ್ದರು. ಬೆಂಗಳೂರಿನ ಕಾರ್ಯಕ್ರಮಕ್ಕೆ ಆರುನೂರಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿದ್ದವು. ಪುನೀತ್ ರಾಜ್‌ಕುಮಾರ್ ತೀರಿಕೊಂಡು ಆಗಷ್ಟೇ ತಿಂಗಳಾಗಿತ್ತು. ಪ್ರದರ್ಶನದ ಹಣವನ್ನು ಸೇವಾಕಾರ್ಯಕ್ಕೆ ಕೊಡಲೆಂದು ಪುನೀತ್ ಅವರ ಸಂಸ್ಥೆಯನ್ನು ಸಂಪರ್ಕಿಸಿದ್ದಾಗಿ ಫಾರೂಕಿ ಬರೆದುಕೊಂಡಿದ್ದರು. ಹಿಂದಿನ ದಿನ ಪೊಲೀಸರಿಂದ ಒಂದು ಪತ್ರ ಹೊರಟಿತು. ಹಲವು ಸಂಘಟನೆಗಳ ವಿರೋಧವಿದೆ, ಶಾಂತಿ ಕದಡಬಹುದು, ಕಾರ್ಯಕ್ರಮ ರದ್ದು ಮಾಡಿ ಎಂಬುದು ಅದರ ಸಾರ. ಆ ಪತ್ರವನ್ನು ಗಲಾಟೆ ಮಾಡಲು ಹೊರಟವರಿಗೆ ಬರೆದಿರಲಿಲ್ಲ. ಕಾರ್ಯಕ್ರಮದ ಆಯೋಜಕರಿಗೆ ಬರೆದಿದ್ದರು. ದ್ವೇಷ ಗೆದ್ದಿತು, ಕಲಾವಿದ ಸೋತ ಎಂದು ಫಾರೂಕಿ ಅಂದು ಬರೆದರು.

ಮುಂಬೈಯ ಖಾರ್‌ನಲ್ಲಿ ನಡೆದದ್ದು ಇದರ ಮುಂದಿನ ಹಂತ. 2025ರ ಮಾರ್ಚ್ 23ರ ಭಾನುವಾರ ರಾತ್ರಿ, ಉಪಮುಖ್ಯಮಂತ್ರಿ ಏಕನಾಥ ಶಿಂದೆ ಅವರನ್ನು ಗೇಲಿ ಮಾಡಿದ ಹಾಸ್ಯಗಾರ ಕುನಾಲ್ ಕಾಮ್ರಾ ಅವರ ವಿಡಿಯೊ ಚಿತ್ರೀಕರಣವಾಗಿದ್ದ ಹ್ಯಾಬಿಟಾಟ್ ಸ್ಟುಡಿಯೊಗೆ ಶಿಂದೆ ಬಣದ ಶಿವಸೇನೆಯ ಕಾರ್ಯಕರ್ತರು ನುಗ್ಗಿ ಕುರ್ಚಿ, ದೀಪ ಎಲ್ಲವನ್ನೂ ಧ್ವಂಸ ಮಾಡಿದರು. ಮರುದಿನ ಮುಂಬೈ ಪಾಲಿಕೆಯ ಸಿಬ್ಬಂದಿ ಸುತ್ತಿಗೆ ಹಿಡಿದು ಬಂದು ಅದೇ ಜಾಗದ ‘ಅನಧಿಕೃತ’ ಭಾಗವನ್ನು ಒಡೆದರು. ಆ ಮರುದಿನ ಮಾರ್ಚ್ 24. ಸರಿಯಾಗಿ ಹತ್ತು ವರ್ಷಗಳ ಹಿಂದೆ ಅದೇ ದಿನ, ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಸೆಕ್ಷನ್ ಅನ್ನು ರದ್ದು ಮಾಡಿತ್ತು. ಕಿರಿಕಿರಿ ಉಂಟುಮಾಡುವ ಸಂದೇಶಕ್ಕೂ ಜೈಲಿಗೆ ಕಳಿಸಬಹುದಾಗಿದ್ದ ಸೆಕ್ಷನ್ ಅದು. ಅದು ಹೋದ ಮೇಲೆ ಹಾಸ್ಯಗಾರನಿಗೆ ಉಸಿರಾಡುವ ಜಾಗ ಸಿಗಬೇಕಿತ್ತು. ಸಿಕ್ಕಿದ್ದು ಸುತ್ತಿಗೆಯ ಪೆಟ್ಟು.

ಇಲ್ಲಿಯವರೆಗೆ ನನ್ನ ಬಳಗದ ಎಲ್ಲರೂ ತಲೆಯಾಡಿಸುತ್ತಾರೆ. ಇನ್ನು ಮುಂದಿನದೇ ನನಗೆ ಮುಖ್ಯ.

2025ರ ಜೂನ್‌ನಲ್ಲಿ ನಮ್ಮದೇ ರಾಜ್ಯ ಸರ್ಕಾರದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಬಂತು. ಸಾಮಾಜಿಕ ಜಾಲತಾಣದಲ್ಲಿ ಸುಳ್ಳು ಸುದ್ದಿ ಹಾಕಿದವರಿಗೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ. ಯಾವುದು ಸುಳ್ಳು ಎಂದು ನೋಡಿಕೊಳ್ಳುವ ಪ್ರಾಧಿಕಾರಕ್ಕೆ ಸಚಿವರೇ ಅಧ್ಯಕ್ಷರು. ಸ್ತ್ರೀವಾದ ವಿರೋಧಿ ಬರಹವನ್ನೂ ಸನಾತನ ಸಂಕೇತಗಳಿಗೆ ಅಗೌರವ ತರುವುದನ್ನೂ ತಡೆಯುವ ಮಾತು ಅದರಲ್ಲಿತ್ತು. ಅದು ಅಂತಿಮ ಕರಡಲ್ಲ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಆದರೆ ಅಂಥದ್ದನ್ನು ಯಾರೋ ಕುಳಿತು ಬರೆದಿದ್ದರಲ್ಲ! ಕೇಂದ್ರ ಸರ್ಕಾರ ತನ್ನ ಕುರಿತ ಸುದ್ದಿಯ ಸತ್ಯಾಸತ್ಯವನ್ನು ತಾನೇ ತೀರ್ಮಾನಿಸುವ ಘಟಕವನ್ನು 2023ರಲ್ಲಿ ತರಲು ಹೊರಟಾಗ ನಾವೆಲ್ಲ ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಿದ ಕಾಮ್ರಾ ಅವರ ಬೆನ್ನಿಗೆ ನಿಂತೆವು. 2024ರ ಸೆಪ್ಟೆಂಬರ್ 20ರಂದು ಬಾಂಬೆ ಹೈಕೋರ್ಟ್ ಆ ನಿಯಮವನ್ನು ರದ್ದು ಮಾಡಿದಾಗ ಸಂಭ್ರಮಿಸಿದೆವು. ವರ್ಷ ತುಂಬುವುದರೊಳಗೆ ಅದೇ ಅಧಿಕಾರ ವಿಧಾನಸೌಧಕ್ಕೆ ಬೇಕು ಎಂದಾಗ ಎಷ್ಟು ಮಂದಿ ಬಾಯಿ ತೆರೆದರು?

‘ಥಗ್ ಲೈಫ್’ ಎಂಬ ತಮಿಳು ಚಿತ್ರದ ವಿಚಾರ ಇನ್ನೂ ಕಸಿವಿಸಿಯದು. ಕನ್ನಡ ತಮಿಳಿನಿಂದ ಹುಟ್ಟಿತು ಎಂದು ಅದರ ನಾಯಕ ಕಮಲ್ ಹಾಸನ್ ಚೆನ್ನೈನ ವೇದಿಕೆಯಲ್ಲಿ ಹೇಳಿದ್ದು ತಪ್ಪು. ಎರಡೂ ಒಂದೇ ಮೂಲ ದ್ರಾವಿಡದಿಂದ ಕವಲೊಡೆದ ಸೋದರ ಭಾಷೆಗಳು. ಆ ತಪ್ಪಿಗೆ ಉತ್ತರ ಕೊಡಲು ನಮ್ಮಲ್ಲಿ ಭಾಷಾವಿಜ್ಞಾನಿಗಳಿದ್ದಾರೆ, ಹಲ್ಮಿಡಿಯ ಶಾಸನವಿದೆ, ಪತ್ರಿಕೆಗಳಿವೆ. ಚಿತ್ರಮಂದಿರಕ್ಕೆ ಬೀಗ ಹಾಕಿಸುವುದು ಉತ್ತರವಲ್ಲ. ಜೂನ್ 5ರಂದು ಬೇರೆಡೆ ಬಿಡುಗಡೆಯಾದ ಚಿತ್ರ ಇಲ್ಲಿ ಬರಲಿಲ್ಲ. ಗುಂಪುಗಳು ಬೀದಿಯನ್ನು ವಶಪಡಿಸಿಕೊಳ್ಳಲು ಬಿಡಲಾಗದು ಎಂದು ಸುಪ್ರೀಂ ಕೋರ್ಟ್ ಜೂನ್ 17ರಂದು ರಾಜ್ಯಕ್ಕೆ ನೆನಪಿಸಬೇಕಾಯಿತು. ನವೆಂಬರ್ 2021ರ ಪತ್ರದಲ್ಲಿದ್ದ ತರ್ಕವೇ ಇಲ್ಲಿಯೂ ಇತ್ತು: ಬೆದರಿಸುವವನನ್ನು ಬಿಟ್ಟು ಬೆದರಿಕೆಗೆ ಒಳಗಾದವನನ್ನು ಸುಮ್ಮನಾಗಿಸುವುದು. ಆಗ ಆಳುತ್ತಿದ್ದವರು ಬೇರೆ, ಈಗ ಆಳುವವರು ಬೇರೆ. ಕನ್ನಡದ ಅಭಿಮಾನ ನನಗೂ ಇದೆ. ಆದ್ದರಿಂದಲೇ ಬೀಗ ಹಾಕಿಸಿದ್ದು ನನಗೆ ನೋವು ತಂದಿತು.

ಇದೆಲ್ಲ ನಡೆಯುವಾಗ ನಾವು ಏನು ನೋಡುತ್ತಿರುತ್ತೇವೆ ಎಂಬ ಚಿಂತೆಯೂ ನನಗಿದೆ. ರಾತ್ರಿ ಊಟ ಮುಗಿಸಿ ಮೊಬೈಲ್ ಹಿಡಿದರೆ ಮೊದಲು ಬರುವುದು ಸದನದಲ್ಲಿ ಒಬ್ಬ ಶಾಸಕರು ಮೇಜು ಕುಟ್ಟುವ ಅರ್ಧ ನಿಮಿಷದ ತುಣುಕು. ಹಿನ್ನೆಲೆಗೆ ಯಾವುದೋ ಸಿನಿಮಾದ ನಾಯಕನ ಪ್ರವೇಶದ ಸಂಗೀತ, ನಡಿಗೆ ನಿಧಾನಗತಿಯಲ್ಲಿ, ಕೊನೆಗೆ ಬೆಂಕಿಯ ಚಿತ್ರ. ಬೆರಳು ಸರಿಸಿದರೆ ನೀರು ದೋಸೆ, ಮತ್ತೆ ಸರಿಸಿದರೆ ಎದುರು ಪಕ್ಷದವರಿಗೆ ಅದೇ ಸಂಗೀತ. ಅವರು ಯಾವ ಮಸೂದೆಯ ಮೇಲೆ ಕೂಗಾಡುತ್ತಿದ್ದರು? ತುಣುಕಿನಲ್ಲಿ ಅದು ಇರುವುದೇ ಇಲ್ಲ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆ ಗದ್ದಲದ ನಡುವೆ ಅಂಗೀಕಾರವಾದಾಗ ಗದ್ದಲ ಎಲ್ಲರ ಮೊಬೈಲಿಗೂ ತಲುಪಿತು, ಮಸೂದೆ ತಲುಪಲಿಲ್ಲ. ರಾಜಕೀಯವೇ ಮನರಂಜನೆಯಾದಾಗ ನಿಜವಾದ ವಿಡಂಬನೆಗೆ ಜಾಗ ಎಲ್ಲಿ? ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದಲ್ಲಿ ಆಳುವವರ ಜನ್ಮ ಜಾಲಾಡುತ್ತಿದ್ದಾಗ ಪ್ರೇಕ್ಷಕ ನಗುತ್ತಲೇ ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿದುಕೊಂಡು ಮನೆಗೆ ಹೋಗುತ್ತಿದ್ದ. ಇಂದಿನ ತುಣುಕು ನೋಡಿದವನು ತನ್ನ ಪಕ್ಷ ಗೆದ್ದಿತೆಂದುಕೊಂಡು ಮಲಗುತ್ತಾನೆ.

ನಿಮ್ಮ ಅಭಿಪ್ರಾಯ ತಿಳಿಸಿ. ಬೈಗುಳ ಬೇಡ, ವಾದ ಬೇಕು.

ಶಿವಮೊಗ್ಗದ ವಕೀಲರು

ಸರ್, ಒಂದು ಅಂಶ ಬಿಟ್ಟಿದ್ದೀರಿ. ಸುಳ್ಳು ಸುದ್ದಿ ಮಸೂದೆಯ ಆ ಕರಡಿನಲ್ಲಿ ತಪ್ಪು ಮಾಹಿತಿಯ ವ್ಯಾಖ್ಯೆಯಿಂದ ಅಭಿಪ್ರಾಯ, ಧಾರ್ಮಿಕ ಪ್ರವಚನ, ವಿಡಂಬನೆ, ಹಾಸ್ಯ, ಅಣಕ ಎಲ್ಲಕ್ಕೂ ವಿನಾಯಿತಿ ಇತ್ತು. ಸಾಮಾನ್ಯ ವಿವೇಕವುಳ್ಳ ವ್ಯಕ್ತಿ ಅದನ್ನು ವಾಸ್ತವ ಸಂಗತಿ ಎಂದು ತಿಳಿಯದಿದ್ದರೆ ಸಾಕು. ಹಾಸ್ಯಗಾರನಿಗೆ ನೇರ ಅಪಾಯವಿತ್ತೆಂದು ಹೇಳಲಾಗದು. ನಿಜವಾದ ಅಪಾಯ ಬೇರೆ ಕಡೆ ಇದೆ. ಕೇಂದ್ರ ಗೃಹ ಸಚಿವಾಲಯದ ‘ಸಹಯೋಗ’ ಪೋರ್ಟಲ್ ಮೂಲಕ ಅಧಿಕಾರಿಗಳು ಜಾಲತಾಣಗಳಿಗೆ ನೇರವಾಗಿ ಪೋಸ್ಟ್ ತೆಗೆಯುವ ಸೂಚನೆ ಕಳಿಸಬಹುದು. ಎಕ್ಸ್ ಕಂಪನಿ ಇದನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿಯನ್ನು ನಮ್ಮ ಹೈಕೋರ್ಟ್ 2025ರ ಸೆಪ್ಟೆಂಬರ್ 24ರಂದು ವಜಾ ಮಾಡಿತು. ಮಸೂದೆ ಬಂದರೆ ಸದನದಲ್ಲಿ ಚರ್ಚೆಯಾದರೂ ಆಗುತ್ತದೆ. ಪೋರ್ಟಲ್‌ನ ಸೂಚನೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮೂಲ ಬರಹಗಾರ

ವಕೀಲರೇ, ವಿನಾಯಿತಿಯ ಮಾತು ನಿಜ, ಅದು ಇಲ್ಲಿ ದಾಖಲಾದದ್ದು ಒಳ್ಳೆಯದಾಯಿತು. ಆದರೆ ಆ ‘ಸಾಮಾನ್ಯ ವಿವೇಕವುಳ್ಳ ವ್ಯಕ್ತಿ’ ಮೊದಲು ಎಲ್ಲಿ ಸಿಗುತ್ತಾನೆ? ನ್ಯಾಯಾಲಯದಲ್ಲಿ ಅಲ್ಲ, ಠಾಣೆಯಲ್ಲಿ. ದೂರು ಕೊಡುವವನು, ಎಫ್‌ಐಆರ್ ಬರೆದುಕೊಳ್ಳುವ ಅಧಿಕಾರಿ, ಮೇಲಿನಿಂದ ಫೋನ್ ಮಾಡುವವನು, ಈ ಮೂವರೂ ಮೊದಲ ದಿನವೇ ತೀರ್ಮಾನ ಮಾಡಿಬಿಡುತ್ತಾರೆ. ಹಾಸ್ಯಗಾರ ಕೊನೆಗೆ ಗೆದ್ದರೂ ಅಷ್ಟರಲ್ಲಿ ಅವನ ಮೊಬೈಲ್ ಜಪ್ತಿಯಾಗಿರುತ್ತದೆ, ಕಾರ್ಯಕ್ರಮಗಳು ರದ್ದಾಗಿರುತ್ತವೆ. ಕಾಮ್ರಾ ಅವರನ್ನೇ ನೋಡಿ. ನಿರೀಕ್ಷಣಾ ಜಾಮೀನಿಗಾಗಿ ಮದ್ರಾಸ್ ಹೈಕೋರ್ಟಿಗೆ ಹೋದರು, ಬಂಧನದಿಂದ ರಕ್ಷಣೆಗಾಗಿ ಬಾಂಬೆ ಹೈಕೋರ್ಟಿಗೆ ಹೋದರು. ಅಷ್ಟು ಓಡಾಡುವ ಶಕ್ತಿ ಹೊಸಪೇಟೆಯಲ್ಲಿ ಕುಳಿತು ಐದು ಸಾವಿರ ಚಂದಾದಾರರ ಚಾನೆಲ್ ನಡೆಸುವ ಹುಡುಗನಿಗೆ ಇದೆಯೇ? ಅವನು ಮೊದಲ ನೋಟಿಸ್ ಬಂದ ಕೂಡಲೇ ವಿಡಿಯೊ ಅಳಿಸುತ್ತಾನೆ. ಪೋರ್ಟಲ್ ವಿಚಾರದಲ್ಲಿ ನಿಮ್ಮ ಆತಂಕ ನನ್ನದೂ ಹೌದು. ಆದರೆ ಆ ಪೋರ್ಟಲನ್ನು ಬಳಸಬಹುದಾದವರಲ್ಲಿ ರಾಜ್ಯಗಳ ಅಧಿಕಾರಿಗಳೂ ಇದ್ದಾರೆ ಎಂಬುದನ್ನು ಸೇರಿಸುತ್ತೇನೆ.

ಮಂಗಳೂರಿನ ಓದುಗಿ

ನಿಮ್ಮ ಬರಹವನ್ನು ಗೌರವದಿಂದಲೇ ಓದಿದೆ. ಆದರೂ ಒಂದು ಮಾತು ಹೇಳಲೇಬೇಕು. ದ್ವೇಷ ಭಾಷಣ ಎಂಬುದು ನಿಮಗೆ ತತ್ವದ ಪ್ರಶ್ನೆ, ನಮಗೆ ಬೆಳಗ್ಗೆ ಅಂಗಡಿ ತೆರೆಯಬಹುದೇ ಎಂಬ ಪ್ರಶ್ನೆ. ಕರಾವಳಿಯಲ್ಲಿ ಒಂದು ಕೊಲೆಯಾದರೆ ಶವ ಆಸ್ಪತ್ರೆಯಿಂದ ಹೊರಬರುವ ಮೊದಲೇ ವಾಟ್ಸ್ಆ್ಯಪ್‌ನಲ್ಲಿ ‘ಪ್ರತೀಕಾರ’ದ ಪೋಸ್ಟರ್ ಬರುತ್ತದೆ. ಅದಕ್ಕೂ ಹಿನ್ನೆಲೆ ಸಂಗೀತ ಇರುತ್ತದೆ, ಅದನ್ನೂ ಜನ ಮನರಂಜನೆಯಂತೆಯೇ ಹಂಚುತ್ತಾರೆ. ನನ್ನ ಮಗ ಕಾಲೇಜಿನಿಂದ ಬರುವುದು ಅರ್ಧ ಗಂಟೆ ತಡವಾದರೆ ಆ ಪೋಸ್ಟರ್ ನನ್ನ ಕಣ್ಣಮುಂದೆ ಬಂದು ನಿಲ್ಲುತ್ತದೆ. ಹಾಸ್ಯಗಾರನ ಸ್ವಾತಂತ್ರ್ಯದ ಹೆಸರಿನಲ್ಲಿ ಇವರಿಗೂ ರಕ್ಷಣೆ ಸಿಗಬೇಕೇ? ಕಾನೂನು ಬೇಡ ಎನ್ನುವುದಾದರೆ ಏನು ಬೇಕು ಎಂದೂ ಹೇಳಿ.

ಹುಬ್ಬಳ್ಳಿಯ ಓದುಗ

ನಾನು ಬಲಪಂಥೀಯ, ಮರೆಮಾಚುವುದಿಲ್ಲ. ಲೇಖಕರು ತಮ್ಮವರನ್ನೂ ಪ್ರಶ್ನಿಸಿದ್ದಕ್ಕೆ ಮೆಚ್ಚುಗೆ ಇದೆ. ಆದರೆ ಹಾಸ್ಯ ಎಂದರೆ ಎಲ್ಲವೂ ಸರಿಯೇ? 2025ರ ಫೆಬ್ರವರಿಯಲ್ಲಿ ‘ಇಂಡಿಯಾಸ್ ಗಾಟ್ ಲೇಟೆಂಟ್’ ಎಂಬ ಯೂಟ್ಯೂಬ್ ಕಾರ್ಯಕ್ರಮದಲ್ಲಿ ತಂದೆತಾಯಿಯ ಬಗ್ಗೆ ರಣವೀರ್ ಅಲ್ಲಾಹಬಾದಿಯಾ ಕೇಳಿದ ಪ್ರಶ್ನೆಯನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಲಾಗದು. ಅದಕ್ಕೂ ಮೊದಲು ಅಮೆಜಾನಿನ ‘ತಾಂಡವ್’ ಸರಣಿಯಲ್ಲಿ ದೇವರನ್ನು ಗೇಲಿ ಮಾಡಿದ್ದರು. ನಮ್ಮ ಮಕ್ಕಳು ಅದನ್ನೇ ನೋಡಿ ಬೆಳೆಯುತ್ತಿದ್ದಾರೆ. ಸಿನಿಮಾಕ್ಕೆ ಸೆನ್ಸಾರ್ ಮಂಡಳಿ ಇದೆ, ಇದಕ್ಕೆ ಮಾತ್ರ ಹೇಳುವವರು ಕೇಳುವವರು ಇರಬಾರದೇ?

ಮೂಲ ಬರಹಗಾರ

ಮೊದಲು ಮಂಗಳೂರಿನ ಅಕ್ಕನಿಗೆ. ನೀವು ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ಕೊಲೆಗೆ ಕರೆ ಕೊಡುವ ಪೋಸ್ಟರ್ ಹಾಸ್ಯವಲ್ಲ, ಅಭಿಪ್ರಾಯವೂ ಅಲ್ಲ. ಅದಕ್ಕೆ ನಾನು ಯಾವ ರಕ್ಷಣೆಯನ್ನೂ ಕೇಳುವುದಿಲ್ಲ. ಶ್ರೇಯಾ ಸಿಂಘಲ್ ತೀರ್ಪು ಚರ್ಚೆ, ಪ್ರತಿಪಾದನೆ ಮತ್ತು ಪ್ರಚೋದನೆ ಎಂಬ ಮೂರನ್ನೂ ಬೇರೆ ಮಾಡಿ, ಮೂರನೆಯದನ್ನು ಮಾತ್ರ ಕಾನೂನಿನ ಕೈಗೆ ಕೊಟ್ಟಿತು. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದನ್ನು ಅಪರಾಧವಾಗಿಸುವ ಸೆಕ್ಷನ್ ಹಿಂದೆ ಭಾರತೀಯ ದಂಡಸಂಹಿತೆಯಲ್ಲಿ 153ಎ ಆಗಿತ್ತು, ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 196 ಆಗಿದೆ. ಅದನ್ನು ಪೋಸ್ಟರ್ ಹಾಕಿದವನ ಮೇಲೆ ಅದೇ ರಾತ್ರಿ ಬಳಸಿದರೆ ಸಾಕು. ಯಾರ ಕೈ ಬಲವಾಗಿದೆ ಎಂದು ನೋಡಿಕೊಂಡು ಬಳಸುವುದರಿಂದಲೇ ನಿಮ್ಮಂಥವರಿಗೆ ಭಯ. ಏಳು ವರ್ಷ ಶಿಕ್ಷೆಯ ಹೊಸ ಕಾಯ್ದೆ ಬಂದರೂ ಅದನ್ನು ಹಿಡಿಯುವುದು ಅದೇ ಠಾಣೆ. ನಾಳೆ ಸರ್ಕಾರ ಬದಲಾದರೆ ಅದು ಮೊದಲು ಬೀಳುವುದು ನಿಮ್ಮ ಮಗ ಹಾಕಿದ ಒಂದು ಪೋಸ್ಟಿನ ಮೇಲೆ ಎಂಬುದೇ ನನ್ನ ಭಯ.

ಹುಬ್ಬಳ್ಳಿಯವರೇ, ಆ ಪ್ರಶ್ನೆ ಅಸಹ್ಯವೇ ಸರಿ. ಅಂಗವಿಕಲರನ್ನು ಗೇಲಿ ಮಾಡಿದ ಹಾಸ್ಯಗಾರರಿಗೆ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕ್ಷಮೆ ಕೇಳಲು ಹೇಳಿದಾಗ, ಅವರ ಮಾತಿನಿಂದ ನೊಂದ ಕುಟುಂಬಗಳ ಪರವಾಗಿಯೇ ನನ್ನ ಮನಸ್ಸಿತ್ತು. ನಾನು ಅಂಥ ಕಾರ್ಯಕ್ರಮ ನೋಡುವುದಿಲ್ಲ, ನೋಡುವವರಿಗೆ ಬೇಡವೆಂದು ಹೇಳುತ್ತೇನೆ, ಜಾಹೀರಾತು ಕೊಡುವ ಕಂಪನಿಗೆ ಪತ್ರ ಬರೆಯಬಲ್ಲೆ. ಇವೆಲ್ಲ ಸಮಾಜದ ಕೈಯಲ್ಲಿರುವ ದಾರಿಗಳು. ಆದರೆ ಒಂದೇ ಮಾತಿಗೆ ಹಲವು ರಾಜ್ಯಗಳಲ್ಲಿ ಎಫ್‌ಐಆರ್ ಹಾಕಿ ಗುವಾಹಟಿಗೂ ಮುಂಬೈಗೂ ಅಲೆಸುವುದು ಶಿಷ್ಟಾಚಾರ ಕಲಿಸುವ ಕ್ರಮವಲ್ಲ. ‘ತಾಂಡವ್’ ಪ್ರಕರಣದ ನಂತರ ಏನಾಯಿತೆಂದು ನೋಡಿ. ತಂಡ ಕ್ಷಮೆ ಕೇಳಿತು, ದೃಶ್ಯ ಕತ್ತರಿಸಿತು. ಆದರೂ ಅಮೆಜಾನಿನ ಅಧಿಕಾರಿಯೊಬ್ಬರು ಬಂಧನ ತಪ್ಪಿಸಿಕೊಳ್ಳಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ನಂತರ ಕಂಪನಿಗಳೇ ಕತ್ತರಿ ಹಿಡಿದವು. ದಿಬಾಕರ್ ಬ್ಯಾನರ್ಜಿ ನೆಟ್‌ಫ್ಲಿಕ್ಸ್‌ಗಾಗಿ ಮಾಡಿದ ‘ತೀಸ್’ ಎಂಬ ಸಿನಿಮಾ ಸಿದ್ಧವಾಗಿಯೂ ಅಲ್ಲಿ ಬಿಡುಗಡೆಯಾಗಲಿಲ್ಲ. ಕಾಶ್ಮೀರಿ ಮುಸ್ಲಿಂ ಕುಟುಂಬವೊಂದರ ಮೂರು ತಲೆಮಾರಿನ ಕತೆ ಅದು. ನಿಮಗದು ಇಷ್ಟವಾಗದೆ ಇರಬಹುದಿತ್ತು. ಆದರೆ ನೋಡಿ ಬೈಯುವ ಅವಕಾಶವೇ ನಿಮಗೆ ಸಿಗಲಿಲ್ಲ.

ಬೆಂಗಳೂರಿನಿಂದ, ಚಲನಚಿತ್ರ ಸಂಕಲನಕಾರ

ನೀವೆಲ್ಲ ಕತ್ತರಿಯ ಬಗ್ಗೆ ಮಾತನಾಡುತ್ತಿದ್ದೀರಿ, ಕತ್ತರಿ ಹಿಡಿಯುವುದೇ ನನ್ನ ಕಸುಬು. ಕನ್ನಡದ ಮಟ್ಟಿಗೆ ಸೆನ್ಸಾರ್‌ಗಿಂತ ದೊಡ್ಡ ತೊಡಕು ಬಾಗಿಲೇ ತೆರೆಯದಿರುವುದು. ದೊಡ್ಡ ಒಟಿಟಿಗಳು ಮಲಯಾಳಂ, ತಮಿಳು, ತೆಲುಗಿಗೆ ಕೊಟ್ಟಷ್ಟು ಜಾಗ ನಮಗೆ ಕೊಟ್ಟಿಲ್ಲ. ರಕ್ಷಿತ್ ಶೆಟ್ಟಿ ಅವರ ಸಂಸ್ಥೆಯ ‘ಏಕಂ’ ಸರಣಿಯನ್ನು ಯಾವ ವೇದಿಕೆಯೂ ಕೊಳ್ಳದೆ, 2024ರ ಜುಲೈನಲ್ಲಿ ಅವರೇ ಸ್ವಂತ ಜಾಲತಾಣ ಕಟ್ಟಿ ಬಿಡುಗಡೆ ಮಾಡಬೇಕಾಯಿತು. ಕರಾವಳಿಯ ಕತೆಗಳು, ಏಳು ಕಂತು. ಅಷ್ಟು ಹೆಸರಿದ್ದವರಿಗೇ ಈ ಗತಿಯಾದರೆ ಹೊಸಬರ ಪಾಡೇನು? ರಾಜಕೀಯ ವಿಡಂಬನೆಯ ಕತೆ ತಂದ ಹುಡುಗರಿಗೆ ನಾನು ಮೊದಲು ಕೇಳುವುದು ‘ಇದನ್ನು ಯಾರು ಕೊಳ್ಳುತ್ತಾರೆ’ ಎಂದೇ.

2025ರ ಮಾರ್ಚ್ ಬಜೆಟ್‌ನಲ್ಲಿ ಮುಖ್ಯಮಂತ್ರಿಗಳು ಕನ್ನಡ ಚಿತ್ರಗಳಿಗಾಗಿ ಸರ್ಕಾರದಿಂದಲೇ ಒಟಿಟಿ ವೇದಿಕೆ ಎಂದು ಪ್ರಕಟಿಸಿದಾಗ ನಮ್ಮ ಸಂಕಲನ ಕೊಠಡಿಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಕೇರಳ 2024ರ ಮಾರ್ಚ್‌ನಲ್ಲೇ ‘ಸಿ ಸ್ಪೇಸ್’ ಆರಂಭಿಸಿತ್ತು. ಲೇಖಕರು ಇದನ್ನೂ ವಿರೋಧಿಸುತ್ತಾರೆಯೇ? ಸರ್ಕಾರದ ಕೈ ಎಂದರೆ ಕತ್ತರಿ ಹಿಡಿದ ಕೈ ಮಾತ್ರವೇ?

ನ್ಯೂಜೆರ್ಸಿಯಿಂದ ಕನ್ನಡಿಗ

ಇಲ್ಲಿನ ಅನುಭವವನ್ನೂ ಸೇರಿಸುತ್ತೇನೆ. 2025ರ ಸೆಪ್ಟೆಂಬರ್ 17ರಂದು ಎಬಿಸಿ ವಾಹಿನಿ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಅವರ ರಾತ್ರಿ ಕಾರ್ಯಕ್ರಮವನ್ನು ಅವರು ಅದರಲ್ಲಿ ಆಡಿದ ಮಾತಿನ ಕಾರಣಕ್ಕೆ ನಿಲ್ಲಿಸಿತು. ಅದಕ್ಕೆ ಕೆಲವೇ ಗಂಟೆಗಳ ಮೊದಲು ಪ್ರಸಾರ ಪರವಾನಗಿ ನೋಡಿಕೊಳ್ಳುವ ಎಫ್‌ಸಿಸಿಯ ಅಧ್ಯಕ್ಷರು ಬಹಿರಂಗವಾಗಿ ಎಚ್ಚರಿಕೆ ಕೊಟ್ಟಿದ್ದರು. ವೀಕ್ಷಕರು ಎಬಿಸಿಯ ಮಾಲೀಕ ಕಂಪನಿಯಾದ ಡಿಸ್ನಿಯ ಚಂದಾ ರದ್ದು ಮಾಡಲು ಶುರು ಮಾಡಿದರು, ನಮ್ಮ ಮನೆಯಲ್ಲೂ ಮಾಡಿದೆವು. ಆರನೆಯ ದಿನ, ಸೆಪ್ಟೆಂಬರ್ 23ಕ್ಕೆ ಕಾರ್ಯಕ್ರಮ ಮರಳಿತು. ಗಮನಿಸಿ: ಆ ಅಧ್ಯಕ್ಷರ ಮಾತನ್ನು ಖಂಡಿಸಿದವರಲ್ಲಿ ರಿಪಬ್ಲಿಕನ್ ಪಕ್ಷದ ಸೆನೆಟರ್ ಟೆಡ್ ಕ್ರೂಜ್ ಕೂಡ ಇದ್ದರು. ಕಿಮ್ಮೆಲ್ ಹೇಳಿದ್ದು ಅವರಿಗೆ ಇಷ್ಟವಿರಲಿಲ್ಲ. ನಾಳೆ ಇದೇ ಅಸ್ತ್ರ ನಮ್ಮ ಮೇಲೆ ತಿರುಗುತ್ತದೆ ಎಂಬುದು ಅವರ ವಾದವಾಗಿತ್ತು. ಲೇಖಕರು ತಮ್ಮ ಬಳಗದಿಂದ ಬಯಸುತ್ತಿರುವುದು ಅದನ್ನೇ ಎಂದು ನನಗನ್ನಿಸಿತು.

ಹುಬ್ಬಳ್ಳಿಯ ಓದುಗ

‘ತೀಸ್’ ವಿಚಾರ ನನಗೆ ಗೊತ್ತಿರಲಿಲ್ಲ. ಚಿತ್ರ ನೋಡದೆ ಅದರ ಪರವಾಗಿಯೂ ವಿರುದ್ಧವಾಗಿಯೂ ಮಾತನಾಡುವುದಿಲ್ಲ. ಅಲ್ಲಾಹಬಾದಿಯಾ ವಿಷಯದಲ್ಲಿ ನನ್ನ ನಿಲುವು ಬದಲಾಗಿಲ್ಲ. ಆದರೆ ಒಂದೇ ಮಾತಿಗೆ ಹತ್ತು ಠಾಣೆ ಬೇಡ, ಒಂದು ಸಾಕು ಎಂಬುದನ್ನು ಒಪ್ಪುತ್ತೇನೆ.

ಮೂಲ ಬರಹಗಾರ

ಸಂಕಲನಕಾರರೇ, ಸರ್ಕಾರಿ ಒಟಿಟಿಯನ್ನು ನಾನು ವಿರೋಧಿಸುವುದಿಲ್ಲ, ಬೇಕು ಎನ್ನುತ್ತೇನೆ. ಉದಾರವಾದಿ ಎಂದರೆ ಸರ್ಕಾರ ಎಲ್ಲಿಯೂ ಇರಬಾರದು ಎನ್ನುವವನಲ್ಲ. ಸರ್ಕಾರದ ಸಹಾಯಧನವಿಲ್ಲದಿದ್ದರೆ ನಮ್ಮ ಎಷ್ಟೋ ಒಳ್ಳೆಯ ಚಿತ್ರಗಳು ಮುಗಿಯುತ್ತಲೇ ಇರಲಿಲ್ಲ. ನಾನು ಕೇಳುವುದು ಯಾರು ಆಯ್ಕೆ ಮಾಡುತ್ತಾರೆ ಎಂದು. ಆಯ್ಕೆ ಸಮಿತಿಯಲ್ಲಿ ಸಚಿವರಾಗಲಿ, ವಾರ್ತಾ ಇಲಾಖೆಯ ಅಧಿಕಾರಿಯಾಗಲಿ ಇರಬಾರದು. ಸದಸ್ಯರ ಅವಧಿ ನಿಗದಿಯಾಗಿರಬೇಕು, ಸರ್ಕಾರ ಬದಲಾದ ತಿಂಗಳಲ್ಲೇ ಅವರನ್ನು ಕಿತ್ತುಹಾಕುವಂತಿರಬಾರದು. ನಮ್ಮ ಅಕಾಡೆಮಿಗಳಿಗೆ ಅದು ಎಷ್ಟು ಸಲ ಆಗಿದೆ ಎಂಬುದು ನಿಮಗೇ ಗೊತ್ತು. ತಿರಸ್ಕರಿಸಿದ ಚಿತ್ರಕ್ಕೆ ಬರಹದಲ್ಲಿ ಕಾರಣ ಕೊಡಬೇಕು. ವಿಧಾನಸೌಧವನ್ನೇ ಗೇಲಿ ಮಾಡುವ ಸರಣಿಯನ್ನು ನಿಮ್ಮ ಹುಡುಗರು ತಂದರೆ, ಅದು ವಿಧಾನಸೌಧದ ದುಡ್ಡಿನ ವೇದಿಕೆಯಲ್ಲೇ ಪ್ರಸಾರವಾಗುವಂತಿರಬೇಕು.

ನ್ಯೂಜೆರ್ಸಿಯವರ ಮಾತಿಗೆ ಒಂದು ಸೇರ್ಪಡೆ. ಚಂದಾ ರದ್ದು ಮಾಡುವ ಬಲ ಇಲ್ಲಿ ನಮಗೆ ಅಷ್ಟಾಗಿ ಇಲ್ಲ, ನಮ್ಮಲ್ಲಿ ಬಹುತೇಕರು ನೋಡುವುದು ಉಚಿತ ಯೂಟ್ಯೂಬ್. ಆದರೆ ಶಾಸಕರ ಮನೆ ಎರಡು ಬೀದಿ ಆಚೆ ಇರುತ್ತದೆ. ಸುಳ್ಳು ಸುದ್ದಿ ಮಸೂದೆ ಮತ್ತೆ ಸದನಕ್ಕೆ ಬಂದರೆ ಅದರ ಪೂರ್ಣ ಪಠ್ಯವನ್ನು ಇಲ್ಲಿ ಹಾಕುತ್ತೇನೆ. ವಕೀಲರು ಕಲಂವಾರು ಟಿಪ್ಪಣಿ ಬರೆದುಕೊಟ್ಟರೆ ಆಕ್ಷೇಪಣೆಯ ಪತ್ರವನ್ನು ಕನ್ನಡದಲ್ಲೇ ಸಿದ್ಧಪಡಿಸೋಣ. ಮಂಗಳೂರಿನ ಅಕ್ಕ ಅದನ್ನು ಓದಿ, ಪ್ರತೀಕಾರದ ಪೋಸ್ಟರಿಗೆ ಅದರಲ್ಲಿ ಉತ್ತರವಿದೆಯೇ ಎಂದು ನೋಡಿ ಹೇಳಬೇಕು. ಅವರು ಒಪ್ಪಿದ ಮೇಲೆಯೇ ಅದಕ್ಕೆ ನನ್ನ ಸಹಿ.

ಮಂಗಳೂರಿನ ಓದುಗಿ

ಓದುತ್ತೇನೆ. ಆದರೆ ಪತ್ರದ ಮೊದಲ ಪುಟದಲ್ಲೇ 196ನೇ ಸೆಕ್ಷನ್ ಅನ್ನು ಬಳಸದ ಅಧಿಕಾರಿಯ ಮೇಲೆ ಏನು ಕ್ರಮ ಎಂದು ಕೇಳಿರಬೇಕು. ಅದಿಲ್ಲದಿದ್ದರೆ ನಾನು ಒಪ್ಪುವುದಿಲ್ಲ.

ಶಿವಮೊಗ್ಗದ ವಕೀಲರು

ಅದನ್ನು ನಾನೇ ಬರೆಯುತ್ತೇನೆ. ಕರಡು ಕಳಿಸಿ.